ಹಿರೋಳ್ಳಿಯ ಬಯಲಿನಲ್ಲಿ ದೂರದ ಗುರಿ

ಕಲಬುರಗಿಯಿಂದ ವಾಯವ್ಯಕ್ಕೆ ಹೊರಟ ಪ್ರಯಾಣಿಕನು ಆಳಂದವನ್ನು ಮುಟ್ಟುವುದಕ್ಕೆ ಮುಂಚೆಯೇ ಒಂದು ಸಂಗತಿಯನ್ನು ಗಮನಿಸದಿರಲಾರನು. ಈ ನಾಡಿನಲ್ಲಿ ಕಣ್ಣಿಗೆ ಅಡ್ಡ ಬರುವ ವಸ್ತುಗಳು ಬಹಳ ಕಡಿಮೆ. ಮಲೆನಾಡಿನಲ್ಲಿ ನೋಟವನ್ನು ಮರ ತಡೆಯುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯ ಏರಿ, ತೆಂಗಿನ ತೋಪು, ಬಂಡೆಗಲ್ಲಿನ ಗುಡ್ಡ ತಡೆಯುತ್ತವೆ. ಇಲ್ಲಿಯಾದರೋ ಕರಿಯ ಎರಿ ಭೂಮಿಯು ಮಂದವಾದ ಅಲೆಗಳಂತೆ ಏರುತ್ತ ಇಳಿಯುತ್ತ ದಿಗಂತದವರೆಗೆ ಹಬ್ಬಿದೆ. ತೊಗರಿ, ಜೋಳ, ಕಡಲೆಗಳ ಪೈರು ನಿಂತಾಗ ಅದು ಹಸಿರು ಕಡಲು; ಕೊಯಿಲಾದ ಮೇಲೆ ಬಿರುಕು ಬಿಟ್ಟ ಕರಿಯ ಹಾಸು. ನಡುನಡುವೆ ಒಂದು ಬೇವು, ಒಂದು ಬನ್ನಿ, ಒಂದು ಬಾವಿಯ ಕಟ್ಟೆ, ಅಷ್ಟೇ.

ಲಾಡ್ಲೇ ಮಶಾಯಕರ ದರ್ಗಾದಿಂದ ಹೆಸರಾದ ಆಳಂದವನ್ನು ದಾಟಿ, ವಾಗ್ದರಿ ಅಕ್ಕಲಕೋಟೆಗಳ ಕಡೆಗೆ ಹೋಗುವ ಹಾದಿಯಲ್ಲಿ, ಕರ್ನಾಟಕದ ಅಂಚಿಗೆ ಹಿರೋಳ್ಳಿ ಎಂಬ ಊರಿದೆ. ಆಚೆಗೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ಮಣ್ಣು ಒಂದೇ, ಬೆಳೆ ಒಂದೇ, ಗಡಿಯ ಎರಡು ಕಡೆಗೂ ಕನ್ನಡದ ಮಾತು ಕೇಳುತ್ತದೆ. ಬದಲಾಗುವುದು ಹಲಗೆಗಳ ಮೇಲಿನ ಬರಹ ಮಾತ್ರ. ಚುನಾವಣೆಯ ಕಾಲದಲ್ಲಿ ಗಡಿಯ ಹಾದಿಗಳಲ್ಲಿ ವಾಹನಗಳ ತನಿಖೆ ಬಿಗಿಯಾಗುತ್ತದೆ. ಅದೇ ದಿನಗಳಲ್ಲಿ ಪರವಾನಗಿಯುಳ್ಳವರು ತಮ್ಮ ಬಂದೂಕುಗಳನ್ನು ಪೊಲೀಸು ಠಾಣೆಗೆ ಒಪ್ಪಿಸಿ ಬರುವುದು ವಾಡಿಕೆ. ಹಳ್ಳಿಯ ಬಂದೂಕುಗಳು ವಾಡೆಗಳ ಒಳಕೋಣೆಯಿಂದ ಹಗಲ ಬೆಳಕಿಗೆ ಬರುವುದು ಬಹುಶಃ ಆಗ ಮಾತ್ರ. ಬೇಟೆಯ ಕಾಲ ಎಂದೋ ಮುಗಿದಿದೆ.

ಆದರೆ ಹಿರೋಳ್ಳಿಯಂತಹ ಬಯಲು ದೂರದ ಗುರಿಯ ವಿದ್ಯೆಯನ್ನು ಅರಿಯುವುದಕ್ಕೆ ಹೇಳಿ ಮಾಡಿಸಿದ ಸ್ಥಳ. ಕಾಡಿನಲ್ಲಿ ಬೇಟೆಗಾರನಿಗೆ ಐವತ್ತು ಗಜದಾಚೆಗೆ ಪ್ರಾಣಿ ಕಾಣುವುದೇ ದುರ್ಲಭ. ಬಯಲಿನಲ್ಲಿ ಅದು ಅರ್ಧ ಮೈಲಿಯಿಂದ ಕಾಣುತ್ತದೆ, ಅಷ್ಟೇ ದೂರದಿಂದ ಬೇಟೆಗಾರನನ್ನೂ ಕಾಣುತ್ತದೆ. ಇಬ್ಬರ ನಡುವೆ ಇರುವ ಈ ಬರಿದಾದ ಅಂತರವನ್ನು ಗೆಲ್ಲುವುದಕ್ಕೆ ಮನುಷ್ಯನು ಮಾಡಿದ ಪ್ರಯತ್ನಗಳ ಕಥೆ ಸ್ವಾರಸ್ಯವಾಗಿದೆ. ಅದರ ಕೊನೆಯಲ್ಲಿ ಒಂದು ಎಚ್ಚರಿಕೆಯೂ ಇದೆ.

ಉದ್ದ ನಳಿಗೆಯ ಹಂಬಲ

ದೂರಕ್ಕೆ ಹೊಡೆಯಬೇಕೆಂಬ ಹಂಬಲ ಈ ಸೀಮೆಗೆ ಹೊಸದಲ್ಲ. ಹಿರೋಳ್ಳಿಗೆ ಹೊರಡುವ ಮುನ್ನ ಪ್ರಯಾಣಿಕನು ಕಲಬುರಗಿಯ ಕೋಟೆಯನ್ನು ಹೊಕ್ಕರೆ ಅದಕ್ಕೆ ಸಾಕ್ಷಿ ಸಿಗುತ್ತದೆ. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯಕ್ಕೆ ಈ ನಗರವೇ ಮೊದಲ ರಾಜಧಾನಿ. 1367ರಲ್ಲಿ ಕಟ್ಟಿದ ಜಾಮಾ ಮಸೀದಿಯ ಗುಮ್ಮಟಗಳನ್ನು ನೋಡಿ ಬೆರಗಾದ ಕಣ್ಣು ಬುರುಜನ್ನು ಏರಿದರೆ, ಅಲ್ಲಿ ಬಿಸಿಲಿಗೆ ಮೈಚಾಚಿ ಮಲಗಿದ ‘ಬಾರಾ ಗಜೀ ತೋಪು’ ಎದುರಾಗುತ್ತದೆ. ಉದ್ದ ಸುಮಾರು 29 ಅಡಿ. ಐದಾರು ಆಳು ಒಬ್ಬರ ಹಿಂದೊಬ್ಬರು ಮಲಗಿದರೂ ಮುಗಿಯದ ನಳಿಗೆ.

ವಿಜಯಪುರದಲ್ಲಿ ಇದಕ್ಕೂ ಉದ್ದವಾದದ್ದು ಉಂಟು. 1584ರಲ್ಲಿ ಎತ್ತಿದ ಸುಮಾರು 80 ಅಡಿ ಎತ್ತರದ ಉಪ್ಪಲೀ ಬುರುಜಿನ ತುದಿಯಲ್ಲಿ 30 ಅಡಿಗೂ ಮಿಕ್ಕಿದ ತೋಪೊಂದಿದೆ. ಅದರ ಹೆಸರು ‘ಲಂಬಚರಿ’, ಎಂದರೆ ದೂರ ಹಾರುವುದು. ಅದೇ ಊರಿನ ‘ಮಲಿಕ್-ಎ-ಮೈದಾನ್’ ಎಂಬ ಪ್ರಸಿದ್ಧ ತೋಪು ಇದಕ್ಕೆ ಸಂಪೂರ್ಣ ವಿರುದ್ಧ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಅದರ ಉದ್ದ ಹದಿನಾಲ್ಕು ಅಡಿಯ ಸುಮಾರು. ತೂಕವಾದರೋ 55 ಟನ್ನು. ಬಾಯಿ ಮನುಷ್ಯನು ನುಸುಳುವಷ್ಟು ಅಗಲ. ಕಿವಿ ಒಡೆಯಬಾರದೆಂದು ತೋಪಿನವನು ಬತ್ತಿ ಮುಟ್ಟಿಸಿದೊಡನೆ ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂದು ಇಂದಿಗೂ ಕಥೆ ಹೇಳುತ್ತಾರೆ. ಒಂದು ಹತ್ತಿರದವರನ್ನು ಹೆದರಿಸಲು, ಮತ್ತೊಂದು ದೂರದವರನ್ನು ಮುಟ್ಟಲು.

ನಳಿಗೆ ಉದ್ದವಾದಷ್ಟೂ ಮದ್ದಿನ ಹೊಗೆ ಗುಂಡನ್ನು ಹೆಚ್ಚು ಕಾಲ ನೂಕುತ್ತದೆ, ವೇಗ ಹೆಚ್ಚುತ್ತದೆ ಎಂಬುದನ್ನು ಆ ಕಾಲದ ಎರಕದವರು ಅನುಭವದಿಂದ ಬಲ್ಲವರಾಗಿದ್ದರು. ಆದರೆ ಅವರ ನಳಿಗೆಯ ಒಳಮೈ ನುಣುಪು. ಅದರೊಳಗೆ ಗುಂಡು ಅಲ್ಲಲ್ಲಿ ತಾಕುತ್ತ ಹೊರಬೀಳುತ್ತಿತ್ತು. ಯಾವ ಕಡೆಗೆ ಉರುಳುತ್ತ ಹೊರಟೀತೆಂದು ಯಾರೂ ಹೇಳಲಾರರು. ಕೋಟೆಯೊಂದು ಗುರಿಯಾದರೆ ಅಷ್ಟು ಸಾಕು. ನಾಲ್ಕು ಕಾಲಿನ ಪ್ರಾಣಿ ಗುರಿಯಾದರೆ ಸಾಲದು.

ಈ ಕೊರತೆಯನ್ನು ನೀಗಿದ್ದು ರೈಫಲ್ಲು. ನಳಿಗೆಯ ಒಳಗೆ ಸುರುಳಿಸುರುಳಿಯಾಗಿ ಕೊರೆದ ಗೆರೆಗಳಿಂದಲೇ ಅದಕ್ಕೆ ಆ ಹೆಸರು. ಗುಂಡು ಆ ಗೆರೆಗಳನ್ನು ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತ ಹೊರಡುತ್ತದೆ. ತಿರುಗುವ ಬುಗುರಿ ಹೇಗೆ ನೆಟ್ಟಗೆ ನಿಲ್ಲುವುದೋ ತಿರುಗುವ ಗುಂಡೂ ಹಾಗೆಯೇ ಮೂತಿಯನ್ನು ಮುಂದೆ ಮಾಡಿ ಸಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಇಂತಹ ಬಂದೂಕು ಸೈನಿಕರ ಸಾಮಾನ್ಯ ಆಯುಧವಾಯಿತು. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ತೋಟಾ ಇಂತಹ ಬಂದೂಕಿನದೇ. ಅದೇ ವರ್ಷ ಜನರ ಕೈಯಿಂದ ಆಯುಧಗಳನ್ನು ಕಸಿಯುವ ಕಾಯ್ದೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ಒಪ್ಪದೆ ಪ್ರಾಣ ತೆತ್ತರು. ಮುಂದೆ ಸೈನ್ಯದ .303 ತೋಟಾ ಜನರಿಗೆ ಸಿಗಬಾರದೆಂಬ ನಿರ್ಬಂಧದಿಂದಾಗಿ ಭಾರತದ ಬೇಟೆಗಾರರಲ್ಲಿ ಬೇರೆ ಅಳತೆಗಳು ಬಳಕೆಗೆ ಬಂದವು. ಬಂಗಾಳದ ಈಶಾಪುರದ ಸರಕಾರಿ ಕಾರ್ಖಾನೆಯ .315 ರೈಫಲ್ಲು ಆ ಪರಂಪರೆಯದೇ.

ತಿರುಪುಗಳ ಶಾಸ್ತ್ರ

ಇಂತಹದೊಂದು ರೈಫಲ್ಲನ್ನು ಹಿರೋಳ್ಳಿಯ ಬಯಲಿಗೆ ತಂದ ಹಿಂದಿನ ಕಾಲದ ಬೇಟೆಗಾರನೊಬ್ಬನನ್ನು ಕಲ್ಪಿಸಿಕೊಳ್ಳೋಣ. 1948ಕ್ಕೆ ಮುಂಚೆ ಈಚೆಯ ಹೊಲ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು. ನೆರೆಯಲ್ಲೇ ಭೋಸಲೆ ಮನೆತನದ ಅಕ್ಕಲಕೋಟೆ ಎಂಬ ಪುಟ್ಟ ಸಂಸ್ಥಾನ. ಓಡಿದ ಮೃಗ ಗಡಿ ದಾಟಿದರೆ ಬೇಟೆಗಾರನು ಪರರಾಜ್ಯದ ಅಪರಾಧಿ! ಆದ್ದರಿಂದ ಹೊಡೆದ ಗುಂಡು ಒಂದೇ ಪೆಟ್ಟಿಗೆ ನಾಟಬೇಕು. ಅದಕ್ಕೆ ಅವನು ಮಾಡಿಕೊಳ್ಳಬೇಕಾದ ಸಿದ್ಧತೆಯು ಬೇಟೆಗಿಂತ ಬಹಳ ಮುಂಚೆ, ಮನೆಯ ಪಡಸಾಲೆಯಲ್ಲಿ ಆರಂಭವಾಗುತ್ತದೆ.

ಮೊದಲನೆಯದು ಮರ. ರೈಫಲ್ಲಿನ ಹಿಡಿಯು ಅಕ್ರೋಟಿನಂತಹ ಗಟ್ಟಿ ಮರದ್ದು. ಆದರೂ ಮರ ಮರವೇ. ಮಳೆಗಾಲದಲ್ಲಿ ತೇವವುಂಡು ಉಬ್ಬುತ್ತದೆ, ಈ ಸೀಮೆಯ ಬೇಸಗೆಯ ಉರಿಗೆ ಒಣಗಿ ಸೆಡೆಯುತ್ತದೆ. ಆ ಹಿಡಿ ಎಲ್ಲಿಯಾದರೂ ನಳಿಗೆಯನ್ನು ಒತ್ತಿದರೆ, ಆಷಾಢದಲ್ಲಿ ಸರಿಯಾಗಿದ್ದ ಗುರಿ ಚೈತ್ರದಲ್ಲಿ ತಪ್ಪುತ್ತದೆ. ಆದ್ದರಿಂದ ನಳಿಗೆಗೂ ಮರಕ್ಕೂ ನಡುವೆ ಒಂದು ಕಾಗದದ ಹಾಳೆ ಸರಾಗವಾಗಿ ಜಾರುವಷ್ಟು ತೆರವು ಬೇಕು. ಲೋಹದ ಅಂಗವು ಮರದಲ್ಲಿ ಕೂಡುವ ಕಡೆಯಲ್ಲಾದರೋ ಕೂದಲೆಳೆಯಷ್ಟೂ ಅಲುಗಬಾರದು. ಒಂದು ಕಡೆ ಸಂಪೂರ್ಣ ಬಿಡುವು, ಮತ್ತೊಂದು ಕಡೆ ಸಂಪೂರ್ಣ ಬಿಗಿ; ಇದೇ ಮೊದಲ ಪಾಠ.

ಎರಡನೆಯದು ಕಣ್ಣು. ಬರಿಗಣ್ಣಿನಿಂದ ನಳಿಗೆಯ ತುದಿಯ ಮೊನೆಯನ್ನು ಹಿಂದಿನ ಕಚ್ಚಿನಲ್ಲಿ ಕೂಡಿಸಿ ನೋಡುವ ಪದ್ಧತಿ ನೂರು ಗಜಕ್ಕೆ ಸಾಕು. ಮುನ್ನೂರು ಗಜದಲ್ಲಿ ಆ ಮೊನೆಯೇ ಮೃಗವನ್ನು ಮುಚ್ಚಿಬಿಡುತ್ತದೆ. ಆದಕಾರಣ ರೈಫಲ್ಲಿನ ಬೆನ್ನ ಮೇಲೆ ಒಂದು ಪುಟ್ಟ ದುರ್ಬೀನನ್ನು ಕೂಡಿಸುತ್ತಾರೆ. ಅದರೊಳಗೆ ಅಡ್ಡ ಒಂದು, ಉದ್ದ ಒಂದು ಎಳೆ. ಈ ದುರ್ಬೀನು ಎಷ್ಟು ದೊಡ್ಡದು ಎಂಬುದಕ್ಕಿಂತ ಎಷ್ಟು ಭದ್ರವಾಗಿ ಕೂತಿದೆ ಎಂಬುದೇ ಮುಖ್ಯ. ಅದನ್ನು ಹಿಡಿದಿರುವ ಬಳೆಗಳ ತಿರುಪೊಂದು ಸಡಿಲವಾದರೆ ಉಳಿದ ಎಲ್ಲ ಪರಿಶ್ರಮವೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಉದ್ದದ ಎಳೆಯು ತೂಗುಗುಂಡಿನ ದಾರದಂತೆ ನೆಟ್ಟಗಿರಬೇಕು. ಓರೆಯಾದರೆ ಹತ್ತಿರದಲ್ಲಿ ಗೊತ್ತಾಗದ ದೋಷವು ದೂರದಲ್ಲಿ ಗುಂಡನ್ನು ಪಕ್ಕಕ್ಕೆ ಒಯ್ಯುತ್ತದೆ. ಕಣ್ಣೂ ಪ್ರತಿಸಾರಿ ಅದೇ ಜಾಗದಲ್ಲಿ ನಿಲ್ಲಬೇಕು. ಕೆನ್ನೆಯು ಹಿಡಿಯ ಮೇಲೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಒರಗಿದರೆ ಎಳೆಯೇ ಗುರಿಯ ಮೇಲೆ ಸರಿದಾಡಿದಂತೆ ಕಾಣುತ್ತದೆ.

ಮೂರನೆಯದು ಹೊಂದಾಣಿಕೆ. ಗಾಳಿಯಿಲ್ಲದ ಮುಂಜಾವಿನಲ್ಲಿ, ಹಿಂದೆ ಮಣ್ಣಿನ ದಿಬ್ಬವಿರುವ ಕಡೆ, ನೂರು ಗಜ ಅಳೆದು ಕಾಗದದ ಗುರಿಯೊಂದನ್ನು ನಿಲ್ಲಿಸುತ್ತಾರೆ. ರೈಫಲ್ಲನ್ನು ಮರಳಿನ ಚೀಲಗಳ ಮೇಲೆ ಒರಗಿಸಿ, ಉಸಿರನ್ನು ಅರ್ಧ ಬಿಟ್ಟು, ಬೆರಳನ್ನು ಮೆಲ್ಲಗೆ ಒತ್ತಿ ಮೂರು ಗುಂಡು ಹೊಡೆಯುತ್ತಾರೆ. ಹೊಸಬನು ಮೊದಲ ಗುಂಡು ತಪ್ಪಿದೊಡನೆ ತಿರುಪಿಗೆ ಕೈಹಾಕುತ್ತಾನೆ. ಅನುಭವಿಯು ಹಾಗೆ ಮಾಡನು. ಮೂರು ತೂತುಗಳ ನಟ್ಟನಡುವಣ ಬಿಂದು ಎಲ್ಲಿದೆಯೆಂದು ನೋಡಿ ಆಮೇಲೆ ತಿರುಪನ್ನು ಮುಟ್ಟುತ್ತಾನೆ. ವೃತ್ತದ ಒಂದು ಅಂಶವನ್ನು ಅರವತ್ತು ಪಾಲು ಮಾಡಿದರೆ ಬರುವ ಒಂದು ಕಲೆ ನೂರು ಗಜದಲ್ಲಿ ಸುಮಾರು ಒಂದು ಅಂಗುಲ. ದುರ್ಬೀನಿನ ತಿರುಪನ್ನು ‘ಟಿಕ್’ ಎಂದು ಒಂದು ಮೆಟ್ಟು ತಿರುಗಿಸಿದರೆ ಸಾಮಾನ್ಯವಾಗಿ ಅದರ ಕಾಲು ಭಾಗ ಸರಿಯುತ್ತದೆ. ನಾಲ್ಕು ಮೆಟ್ಟಿಗೆ ಒಂದು ಅಂಗುಲ, ಲೆಕ್ಕ ಸುಲಭ.

ಮೂರು ತೂತುಗಳ ನಡುವಿನ ಹರವೂ ಮುಖ್ಯವೇ. ನೂರು ಗಜದಲ್ಲಿ ಎರಡು ಅಂಗುಲ ಚದರಿದ ಗುಂಡು ಮುನ್ನೂರು ಗಜದಲ್ಲಿ ಆರು ಅಂಗುಲ ಚದರುತ್ತದೆ. ತಣ್ಣಗಿನ ನಳಿಗೆಯ ಮೊದಲ ಗುಂಡು ಒಂದು ಕಡೆಗೂ, ಕಾದ ನಳಿಗೆಯ ಐದನೆಯದು ಇನ್ನೊಂದು ಕಡೆಗೂ ಹೋಗಬಹುದು. ಬಯಲಿನಲ್ಲಿ ಸಿಗುವುದು ತಣ್ಣಗಿನ ಮೊದಲ ಗುಂಡಿನ ಅವಕಾಶ ಮಾತ್ರವಾದ್ದರಿಂದ ಅದು ಎಲ್ಲಿ ಬೀಳುವುದೆಂದು ತಿಳಿದಿರಬೇಕು. ತೋಟಾಗಳನ್ನೂ ಒಂದೇ ತಯಾರಿಕೆಯವನ್ನು ಆರಿಸಬೇಕು. ಬೇರೆ ತೂಕದ ಗುಂಡಿಗೆ ಬೇರೆ ದಾರಿ.

ದೂರವು ಹೇಳುವ ಸುಳ್ಳು

ಇಷ್ಟರಿಂದ ರೈಫಲ್ಲು ಸಿದ್ಧವಾಯಿತು. ಆದರೆ ದೂರವೆಂಬುದು ಇನ್ನೂ ಪಳಗಿಲ್ಲ.

ಗುಂಡು ನೇರವಾಗಿ ಹೋಗುತ್ತದೆಂಬುದು ಜನಸಾಮಾನ್ಯರ ನಂಬಿಕೆ. ನಳಿಗೆಯನ್ನು ಬಿಟ್ಟ ಕ್ಷಣದಿಂದಲೇ ಅದು ಕೈಜಾರಿದ ಕಲ್ಲಿನಂತೆ ನೆಲದ ಕಡೆಗೆ ಬೀಳುತ್ತಿರುತ್ತದೆ. ಒಳ್ಳೆಯ ರೈಫಲ್ಲಿನ ಗುಂಡಿಗೆ ಮುನ್ನೂರು ಗಜ ಸಾಗಲು ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು ಕಾಲ ಬೇಕೆನ್ನೋಣ. ಅಷ್ಟರಲ್ಲಿ ಅದು ನಳಿಗೆಯ ನೇರದಿಂದ ಎರಡೂವರೆ ಅಡಿ ಇಳಿದಿರುತ್ತದೆ. ಚಿಗರಿ ಎಂದು ಈ ಭಾಗದವರು ಕರೆಯುವ ಕೃಷ್ಣಮೃಗದ ಭುಜದೆತ್ತರವೂ ಸುಮಾರು ಅಷ್ಟೇ. ಆದ್ದರಿಂದ ನಳಿಗೆಯನ್ನು ಸ್ವಲ್ಪ ಮೇಲೆತ್ತಿ ಹೊಡೆಯುವಂತೆ ದುರ್ಬೀನನ್ನು ಹೊಂದಿಸಿರುತ್ತಾರೆ. ನೂರು, ಇನ್ನೂರು, ಮುನ್ನೂರು ಗಜಗಳಲ್ಲಿ ಗುಂಡು ಎಷ್ಟು ಇಳಿಯುವುದೆಂದು ಸ್ವತಃ ಹೊಡೆದು ನೋಡಿ, ಆ ಲೆಕ್ಕವನ್ನು ಚೀಟಿಯಲ್ಲಿ ಬರೆದು ಹಿಡಿಗೆ ಅಂಟಿಸಿಕೊಳ್ಳುವುದು ಜಾಣರ ಪದ್ಧತಿ.

ಆದರೆ ಆ ಚೀಟಿ ಉಪಯೋಗಕ್ಕೆ ಬರುವುದು ಮೃಗ ಎಷ್ಟು ದೂರದಲ್ಲಿದೆಯೆಂದು ತಿಳಿದಾಗ ಮಾತ್ರ. ಹಿರೋಳ್ಳಿಯಂತಹ ಬಯಲು ಮೋಸ ಮಾಡುವುದು ಇಲ್ಲಿಯೇ. ಅಳತೆಗೆ ಒಂದು ಮರವಿಲ್ಲ, ಮನೆಯಿಲ್ಲ. ಎರಡು ದಿಣ್ಣೆಗಳ ನಡುವಣ ತಗ್ಗು ಕಣ್ಣಿಗೆ ಕಾಣದೆ ನುಂಗಿಹೋಗುತ್ತದೆ. ಶುಭ್ರವಾದ ಗಾಳಿಯಲ್ಲಿ ಎಲ್ಲವೂ ಹತ್ತಿರವೆನಿಸುತ್ತದೆ. ಆ ಕಾಲ್ಪನಿಕ ಬೇಟೆಗಾರನ ಜೊತೆಗೆ ಅವನ ಅಣ್ಣನ ಮಗನೊಬ್ಬನು ಬಂದಿದ್ದಾನೆಂದುಕೊಳ್ಳಿ. ಬದುವಿನ ಮರೆಯಲ್ಲಿ ಇಬ್ಬರೂ ಬೋರಲು ಮಲಗಿದ್ದಾರೆ. ಹುಡುಗನ ಕೈ ತುರಿಸುತ್ತಿದೆ.

“ಹೊಡೀಲೇನ್ರೀ ಕಾಕಾ?”

“ಎಷ್ಟ ದೂರ ಅದ ಅಂತಿ?”

“ಎರಡ್ನೂರು ಗಜ ಇರಬೇಕ್ರಿ.”

“ನಡದು ಎಣಿಸಿ ಬಾ.”

“ನಾ ಎದ್ರ ಚಿಗರಿ ಓಡತದಲ್ರೀ!”

“ಓಡಲಿ ಬಿಡು ತಮ್ಮಾ. ನಿನ್ನ ಲೆಕ್ಕ ಉಳೀತದ.”

ಹುಡುಗನು ಮುಖ ಸಣ್ಣಗೆ ಮಾಡಿಕೊಂಡು ಹೆಜ್ಜೆ ಎಣಿಸಿ ಹೋದರೆ, ಇನ್ನೂರು ಗಜವೆಂದುಕೊಂಡದ್ದು ಮುನ್ನೂರೈವತ್ತಾಗಿರುತ್ತದೆ! ಅಷ್ಟು ದೊಡ್ಡ ತಪ್ಪಾದರೆ ಗುಂಡು ನೆಲಕ್ಕೆ ಬಡಿದು ಮೃಗ ಬದುಕಿಕೊಳ್ಳುತ್ತದೆ. ಕೆಡುಕಾಗುವುದು ಚಿಕ್ಕ ತಪ್ಪಿನಿಂದ. ಮುನ್ನೂರು ಗಜಕ್ಕೆ ಹೊಂದಿಸಿದ ರೈಫಲ್ಲಿನಿಂದ ಮುನ್ನೂರೈವತ್ತು ಗಜದ ಮೃಗಕ್ಕೆ ಹೊಡೆದರೆ ಗುಂಡು ಏಳೆಂಟು ಅಂಗುಲ ಕೆಳಗೆ ಬೀಳುತ್ತದೆ. ಎದೆಯ ಬದಲು ಮುಂಗಾಲು ಮುರಿಯುತ್ತದೆ. ಮೂರು ಕಾಲಿನ ಚಿಗರಿ ಬಯಲಿನಲ್ಲಿ ಬಹು ದೂರ ಓಡಬಲ್ಲದು. ಸಾಯುವುದಕ್ಕೆ ಬಹು ಹೊತ್ತು ಹಿಡಿಯುತ್ತದೆ.

ಮುಂದಿನ ವೈರಿ ಗಾಳಿ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿಯು ಮುಖಕ್ಕೆ ಹಿತವಾದುದು. ಅದೇ ಗಾಳಿ ಮುನ್ನೂರು ಗಜದಲ್ಲಿ ಗುಂಡನ್ನು ಅರ್ಧ ಅಡಿಗೂ ಹೆಚ್ಚು ಪಕ್ಕಕ್ಕೆ ಸರಿಸುತ್ತದೆ. ಬೇಟೆಗಾರನ ಬಳಿಯ ಗಾಳಿಯೇ ಮೃಗದ ಬಳಿಯೂ ಬೀಸುತ್ತಿದೆಯೆಂಬ ಭರವಸೆಯೂ ಇಲ್ಲ. ಅದಕ್ಕಾಗಿ ಅವನು ಜೋಳದ ಗರಿ ಯಾವ ಕಡೆಗೆ ವಾಲುತ್ತದೆ, ಎತ್ತುಗಳ ಹಿಂದೆ ಎದ್ದ ಧೂಳು ಎತ್ತ ಸಾಗುತ್ತದೆ ಎಂದು ನೋಡುತ್ತಾನೆ. ಏನೂ ಇಲ್ಲದ ಹೊಲದಲ್ಲಿ ಬಿಸಿಲ್ಗುದುರೆಯನ್ನೇ ಓದುತ್ತಾನೆ. ಕಾದ ಎರಿ ಮಣ್ಣಿನ ಮೇಲೆ ನೀರಿನಂತೆ ನಲಿಯುವ ಆ ಮಿಂಚು ನೇರವಾಗಿ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿಯಿಲ್ಲ. ಒಂದು ಕಡೆಗೆ ಹರಿಯುತ್ತಿದ್ದರೆ ಗಾಳಿಯ ದಿಕ್ಕು ಅದೇ. ದಣಿದ ದಾರಿಗನಿಗೆ ನೀರಿನ ಆಸೆ ತೋರಿ ವಂಚಿಸುವ ಬಿಸಿಲ್ಗುದುರೆಯು ಬಲ್ಲವನಿಗೆ ಸತ್ಯ ಹೇಳುತ್ತದೆಂಬುದು ವಿಚಿತ್ರವಾದರೂ ನಿಜ.

ಇಷ್ಟೆಲ್ಲವನ್ನೂ ಲೆಕ್ಕ ಹಾಕಿದ ಮೇಲೆ ಉಳಿಯುವುದೊಂದಿದೆ. ಅದಕ್ಕೆ ಯಾವ ತಿರುಪೂ ಇಲ್ಲ. ಗುಂಡು ಸಾಗುವ ಆ ಸೆಕೆಂಡಿನ ನಾಲ್ಕು ಪಾಲಿನಲ್ಲಿ ಮೃಗವು ಏನು ಮಾಡುತ್ತದೆ? ಓಡಬೇಕಾಗಿಲ್ಲ, ಮೇಯುತ್ತ ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ಒಂದೂವರೆ ಅಡಿ ಸರಿಯುತ್ತದೆ. ಎದೆಗೆಂದು ಹೊರಟ ಗುಂಡು ಹೊಟ್ಟೆಯನ್ನು ಸೇರುತ್ತದೆ. ರೈಫಲ್ಲು ತಪ್ಪಲಿಲ್ಲ, ದುರ್ಬೀನು ತಪ್ಪಲಿಲ್ಲ, ಲೆಕ್ಕವೂ ತಪ್ಪಲಿಲ್ಲ. ಆದರೂ ತಪ್ಪಿತು. ಇದಲ್ಲದೆ ಬಯಲಿನಲ್ಲಿ ಗುಂಡನ್ನು ತಡೆಯಲು ಗುಡ್ಡವಿಲ್ಲ. ಗುರಿ ತಪ್ಪಿದ ರೈಫಲ್ಲಿನ ಗುಂಡು ಮೈಲಿಗಟ್ಟಲೆ ಹೋಗಬಲ್ಲದು. ಆಚೆಯ ದಿಣ್ಣೆಯ ಹಿಂದೆ ಕುರಿ ಕಾಯುವ ಹುಡುಗನಿದ್ದಾನೆಯೋ, ಕಳೆ ಕೀಳುವ ಹೆಣ್ಣುಮಕ್ಕಳಿದ್ದಾರೆಯೋ ದುರ್ಬೀನಿಗೆ ಕಾಣುವುದಿಲ್ಲ. ಆದಕಾರಣವೇ, ರೈಫಲ್ಲು ಎಷ್ಟು ದೂರ ಹೊಡೆಯಬಲ್ಲದು ಎಂಬುದು ಒಂದು ಪ್ರಶ್ನೆ, ಎಷ್ಟು ದೂರದಿಂದ ಹೊಡೆಯಬಹುದು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಕಾರ್ಖಾನೆಯಲ್ಲಿದೆ. ಎರಡನೆಯದಕ್ಕೆ ಉತ್ತರ ಹೊಡೆಯುವವನ ಅಂತಃಸಾಕ್ಷಿಯಲ್ಲಿದೆ.

ಬರಿದಾದ ಬಯಲು

ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಂಡವರು ಕಡಿಮೆಯೆಂಬುದಕ್ಕೆ ದಖ್ಖನ್ನಿನ ಬಯಲೇ ಸಾಕ್ಷಿ.

ರೈಫಲ್ಲು ಬರುವ ಮೊದಲೂ ಇಲ್ಲಿ ಬೇಟೆಯಿತ್ತು. ಉತ್ತರ ಕರ್ನಾಟಕದ ಹರಣಶಿಕಾರಿಗಳ ಹೆಸರಿನಲ್ಲಿಯೇ ಹರಿಣದ ಬೇಟೆಯಿದೆ. ಮಹಾರಾಷ್ಟ್ರದ ಫಾಸೇಪಾರಧಿಗಳ ಹೆಸರಿನಲ್ಲಿ ಉರುಳಿದೆ. ನೂಲಿನ ಉರುಳನ್ನು ಒಡ್ಡಿ, ಮೃಗದ ನಡೆಯನ್ನು ದಿನಗಟ್ಟಲೆ ಕಾದು, ಕೈಯಳತೆಯ ಹತ್ತಿರಕ್ಕೆ ತಂದುಕೊಂಡು ಹಿಡಿಯುವ ಬೇಟೆ ಅದು. ಹೊಟ್ಟೆಗೆ ಬೇಕಾದಷ್ಟನ್ನು ಮಾತ್ರ ಅದು ಕೊಡಬಲ್ಲದು. 1871ರಲ್ಲಿ ಬಂದ ಕಾಯ್ದೆಯು ಇಂತಹ ಅಲೆಮಾರಿ ಜನರಲ್ಲಿ ಅನೇಕರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆಯಿತು. ಆ ಕಳಂಕ ಕಾಗದದ ಮೇಲಾದರೂ ಅಳಿದದ್ದು 1952ರಲ್ಲಿ. ಇತ್ತ ಬಯಲನ್ನು ನಿಜವಾಗಿ ಬರಿದು ಮಾಡಿದವರಿಗೆ ಯಾವ ಕಳಂಕವೂ ಹತ್ತಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಆಂಗ್ಲ ಬೇಟೆಗಾರನು ಅಹಮದನಗರ ಸೀಮೆಯೊಂದರಲ್ಲಿಯೇ 961 ಎರೆಭೂತ ಹಕ್ಕಿಗಳನ್ನು ಹೊಡೆದುರುಳಿಸಿದನೆಂದು ದಾಖಲೆಯಿದೆ. ಎರ್ಲಡ್ಡು ಎಂದೂ ಕರೆಯುವ, ಮೊಳಕಾಲಿಗೂ ಮೇಲೆ ನಿಲ್ಲುವ ಆ ಭವ್ಯ ಪಕ್ಷಿಗಳು ಇಂದು ಇಡೀ ಭಾರತದಲ್ಲಿ ಉಳಿದಿರುವುದು ನೂರೈವತ್ತಕ್ಕಿಂತ ಕಡಿಮೆ. ಒಬ್ಬನು ಹೊಡೆದದ್ದರ ಆರನೆಯ ಒಂದು ಪಾಲೂ ಇಂದು ಬದುಕಿಲ್ಲ! ರಾಜರು ಚಿಗರಿಯ ಬೇಟೆಗೆ ಪಳಗಿಸುತ್ತಿದ್ದ ಚೀತಾ ನಮ್ಮ ನೆಲದಿಂದ ಅಳಿಯಿತೆಂದು 1952ರಲ್ಲಿ ಸಾರಲಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಚಿಗರಿಗೂ ಎರೆಭೂತಕ್ಕೂ ಅತ್ಯಂತ ಬಿಗಿಯಾದ ರಕ್ಷಣೆ ಕೊಟ್ಟಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗೂ, 1979ರಲ್ಲಿ ಸೊಲ್ಲಾಪುರದ ಕಡೆ ನಾನ್ನಜದ ಹುಲ್ಲುಗಾವಲಿನಲ್ಲಿ ಎರೆಭೂತಗಳಿಗೂ ಅಭಯಾರಣ್ಯಗಳು ಏರ್ಪಟ್ಟವು. ಹಕ್ಕಿಗೆ ಕಾಯ್ದೆ ತಡವಾಗಿ ಬಂದಿತು. ಚಿಗರಿಗೆ ಸಕಾಲದಲ್ಲಿ ಬಂದಿತು. ಕಲಬುರಗಿ, ಬೀದರ ಜಿಲ್ಲೆಗಳ ಬಯಲುಗಳಲ್ಲಿ ಅದರ ಹಿಂಡುಗಳು ಇಂದಿಗೂ ಕಾಣಸಿಗುತ್ತವೆ.

ಹಾಗೆಂದು ಎಲ್ಲವೂ ಸುಖಾಂತವಾಯಿತೆಂದು ನಗರದ ಓದುಗರು ಭಾವಿಸಬಾರದು. ಮೊಳಕೆಯೊಡೆದ ಕಡಲೆ, ತೊಗರಿಗಳನ್ನು ಒಂದೇ ರಾತ್ರಿಯಲ್ಲಿ ಮೇದುಹೋಗುವ ಹಿಂಡು ಸಾಲ ಮಾಡಿ ಬಿತ್ತಿದ ರೈತನಿಗೆ ಕಾವ್ಯದ ಹರಿಣವಲ್ಲ. ಬೆಳೆಹಾನಿಗೆ ಸರಕಾರದ ಪರಿಹಾರವುಂಟು. ಆದರೆ ಅರ್ಜಿ ಬರೆದು, ಅಧಿಕಾರಿಗಳು ಬಂದು ನೋಡಿ, ಹಣ ಕೈಗೆ ಬರುವಷ್ಟರಲ್ಲಿ ಬಿತ್ತುವ ಹದ ಮೀರಿರುತ್ತದೆ. ಮೃಗದ ಉಳಿವಿನ ಬೆಲೆಯನ್ನು ನಾಡೆಲ್ಲವೂ ಹಂಚಿಕೊಳ್ಳುವುದು ನ್ಯಾಯ. ಹೊಲದ ಒಡೆಯನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ.

ಗಾಜಿನ ಹಿಂದಿನ ಬಂದೂಕು

ಹಿರೋಳ್ಳಿಯಿಂದ ಮುಂದೆ ಸಾಗಿದ ಪ್ರಯಾಣಿಕನು ಅಕ್ಕಲಕೋಟೆಯನ್ನು ಸೇರುತ್ತಾನೆ. ಸ್ವಾಮಿ ಸಮರ್ಥರ ಮಠಕ್ಕೆ ಬರುವ ಸಹಸ್ರಾರು ಭಕ್ತರಲ್ಲಿ ಕೆಲವರಾದರೂ ಅಲ್ಲಿಯ ಹೊಸ ಅರಮನೆಯ ಶಸ್ತ್ರಾಗಾರವನ್ನು ನೋಡದೆ ಹಿಂದಿರುಗುವುದಿಲ್ಲ. ಸಣ್ಣ ಸಂಸ್ಥಾನವಾದರೂ ಅದರ ಆಯುಧಗಳ ಸಂಗ್ರಹ ದೊಡ್ಡದು, ಹೆಸರಾದುದು. ಒಂದು ಕಾಲದಲ್ಲಿ ದೂರವನ್ನು ಗೆಲ್ಲಲು ಹವಣಿಸಿದ ಶಸ್ತ್ರಗಳು ಈಗ ನೋಡುವವರಿಂದ ಒಂದು ಮೊಳ ದೂರದಲ್ಲಿ ಸುಮ್ಮನಿವೆ. ಮಕ್ಕಳು ಬೆರಳು ಮಾಡಿ ತೋರಿಸುತ್ತಾರೆ. ತಾಯಂದಿರು “ಮುಟ್ಟಬ್ಯಾಡ” ಎಂದು ಗದರುತ್ತಾರೆ.

ರೈಫಲ್ಲನ್ನು ಹದಗೊಳಿಸುವ ವಿದ್ಯೆಯು ಅಳಿದಿಲ್ಲ. ಗುರಿಕಾರರ ಸ್ಪರ್ಧೆಗಳಲ್ಲಿ ಕಾಗದದ ವೃತ್ತಗಳ ಮುಂದೆ ಅದು ಇಂದಿಗೂ ಬಾಳುತ್ತಿದೆ. ಕೊಡಗಿನಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಕೈಲ್ ಮುಹೂರ್ತದ ಸಂಭ್ರಮಗಳಲ್ಲೊಂದು. ಅಲ್ಲಿ ತಪ್ಪಿದರೆ ಅಂಕ ಹೋಗುತ್ತದೆ, ಇಲ್ಲವೇ ಕಾಯಿ ಉಳಿಯುತ್ತದೆ; ಯಾವ ಜೀವವೂ ಮೂರು ಕಾಲಿನಲ್ಲಿ ಓಡುವುದಿಲ್ಲ.

ಅಕ್ಕಲಕೋಟೆಯಿಂದ ಮರಳುವಾಗ ಸಂಜೆಯಾಗಿರುತ್ತದೆ. ಬಿಸಿಲ್ಗುದುರೆ ಅಡಗಿ ಬಯಲು ತನ್ನ ನಿಜವಾದ ಅಳತೆಯನ್ನು ತೋರಿಸುವ ಹೊತ್ತು ಅದು. ಹಾದಿಯ ಪಕ್ಕದ ಜೋಳದ ಹೊಲದಲ್ಲಿ ಮಂಚಿಗೆಯ ಮೇಲೆ ನಿಂತವನೊಬ್ಬನು ಕವಣೆಗೆ ಕಲ್ಲು ಹೂಡಿ ತಲೆಯ ಸುತ್ತ ಎರಡು ಸುತ್ತು ತಿರುಗಿಸಿ ಬಿಡುತ್ತಾನೆ. ಕಲ್ಲು ಎಲ್ಲಿಯೋ ಬೀಳುತ್ತದೆ. ತೆನೆಯ ಮೇಲಿದ್ದ ಹಕ್ಕಿಗಳು ಒಮ್ಮೆಗೇ ಎದ್ದು, ಗಡಿಯ ಕಡೆಗೆ ಹಾರಿ, ಆಚೆಯ ಹೊಲದಲ್ಲಿ ಇಳಿಯುತ್ತವೆ. ಅಲ್ಲಿಂದಲೂ ಒಂದು ಕೂಗು ಕೇಳುತ್ತದೆ.